ಕೋವಿಯ ಮದ್ದು ಮೊಬೈಲಿನಲ್ಲಿ ದೊರೆಯದು: ಬೆಳೆ ರಕ್ಷಣೆ ಪರವಾನಗಿದಾರರು ಮತ್ತು ಆನ್‌ಲೈನ್ ವಂಚನೆ

(ಗುಡವಿ ಹಾಗೂ ಸುತ್ತಲಿನ ಸೊರಬ, ಶಿಕಾರಿಪುರ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಗುಡವಿಯ ಹೆಸರು ಕೇಳಿದೊಡನೆ ಹೊರಗಿನವರ ಮನಸ್ಸಿಗೆ ಬರುವುದು ಕೆರೆ ಮತ್ತು ಹಕ್ಕಿ. ಮಳೆಗಾಲದಲ್ಲಿ ಕೆರೆಯೊಳಗಿನ ಮರಗಳ ಮೇಲೆ ಬಿಳಿ ಕೆಂಬರಲು, ಹಾವಕ್ಕಿ, ನೀರುಕಾಗೆ, ಬೆಳ್ಳಕ್ಕಿಗಳು ಗೂಡುಕಟ್ಟಿ ಮರಿಮಾಡುವ ದೃಶ್ಯ ನಾಡಿಗೇ ಪರಿಚಿತವಾದುದು. ಆದರೆ ಇದೇ ಸೀಮೆಯ ರೈತನ ಮಟ್ಟಿಗೆ ಅದೇ ತಿಂಗಳುಗಳಿಗೆ ಇನ್ನೊಂದು ಮುಖವಿದೆ. ಗದ್ದೆಯ ಭತ್ತ ಹಾಲುಗಟ್ಟುವಾಗ, ಹೊಲದ ಮೆಕ್ಕೆಜೋಳ ತೆನೆ ತುಂಬುವಾಗ ಕಾಡುಹಂದಿಯ ಹಿಂಡು ಇಳಿಯುತ್ತದೆ. ಅಡಿಕೆ, ಬಾಳೆಯ ತೋಟಕ್ಕೆ ಮಂಗಗಳು ಬೀಳುತ್ತವೆ. ಮಾಳದಲ್ಲಿ ಕುಳಿತು ರಾತ್ರಿಯೆಲ್ಲ ಎಚ್ಚರವಿರುವ ರೈತನ ಪಕ್ಕದಲ್ಲಿ ಟಾರ್ಚು, ತಮಟೆ, ಪಟಾಕಿಗಳೊಡನೆ ಕೆಲವೆಡೆ ತಲೆಮಾರಿನಿಂದ ಬಂದ ಒಂದು ಕೇಪಿನ ಕೋವಿಯೂ ಇರುತ್ತದೆ.

ಆ ಕೋವಿಗೆ ಪರವಾನಗಿ ಇದೆ. 1959ರ ಆಯುಧ ಅಧಿನಿಯಮದ 13ನೆಯ ಕಲಮು ಬೆಳೆ ರಕ್ಷಣೆಯ ನೈಜ ಉದ್ದೇಶಕ್ಕಾಗಿ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ನೀಡುವುದನ್ನು ಹೆಸರಿಸಿಯೇ ಹೇಳಿದೆ. ಆದರೆ ಕೋವಿ ಮನೆಯಲ್ಲಿದ್ದರೆ ಸಾಲದು. ಅದಕ್ಕೆ ಮದ್ದು, ಕೇಪು, ಚರೆ ಬೇಕು. ಇವುಗಳನ್ನು ಮಾರುವ ಪರವಾನಗಿ ಪಡೆದ ವರ್ತಕರು ಹಳ್ಳಿಯಲ್ಲಿಲ್ಲ. ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹಿಡಿದು ಪಟ್ಟಣಕ್ಕೆ ಹೋಗಬೇಕು. ಹೋದ ದಿನ ದಾಸ್ತಾನು ಇರದಿದ್ದರೆ ಬರಿಗೈಯಲ್ಲಿ ಹಿಂದಿರುಗಬೇಕು. ಈ ಅಡಚಣೆಯ ಜಾಗದಲ್ಲಿಯೇ ಮೊಬೈಲಿನ ವಂಚಕ ಬಂದು ಕುಳಿತಿದ್ದಾನೆ. ಅವನ ಬಗೆಗೆ ಸದಸ್ಯರಿಗೆ ತಿಳಿದಿರಬೇಕಾದುದನ್ನು ಮುಂದಿಡುವುದು ಈ ಉಪನ್ಯಾಸದ ಉದ್ದೇಶ.

ಒಂದು ಉದಾಹರಣೆ

ಉದಾಹರಣೆಗಾಗಿ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಪರವಾನಗಿ ಅಜ್ಜನ ಹೆಸರಿನಲ್ಲಿದೆ. ಕೇಪು ತೀರಿದೆ, ಗದ್ದೆಗೆ ಹಂದಿ ಬಿದ್ದಿದೆ. ಕಾಲೇಜಿಗೆ ಹೋಗುವ ಮೊಮ್ಮಗ ಸಂಜೆ ಬಂದು, "ಅಜ್ಜಾ, ಮೊಬೈಲಲ್ಲೇ ಎಲ್ಲ ಸಿಗ್ತದಂತೆ, ಮನೆ ಬಾಗಿಲಿಗೇ ತಂದುಕೊಡ್ತಾರಂತೆ" ಎನ್ನುತ್ತಾನೆ. ಪರದೆಯ ಮೇಲೆ ಕೇಪಿನ ಡಬ್ಬಿ, ಮದ್ದಿನ ಪೊಟ್ಟಣ, ಖಾಲಿ ತೋಟೆಗೆ ಮತ್ತೆ ಮದ್ದು ತುಂಬುವ ಕೈಯಂತ್ರ, ಎಲ್ಲದರ ಚಿತ್ರವಿದೆ. ಬೆಲೆ ಪೇಟೆಗಿಂತ ಕಡಿಮೆ. ಕೆಳಗೆ ವಾಟ್ಸ್‌ಆ್ಯಪ್ ಸಂಖ್ಯೆಯಿದೆ.

ಆ ಕಡೆಯವನು ಮೃದುವಾಗಿ ಮಾತನಾಡುತ್ತಾನೆ. ಅರ್ಧ ಹಣ ಮುಂಗಡ ಕಳುಹಿಸಿದರೆ ಸಾಕು ಎನ್ನುತ್ತಾನೆ. ಅಜ್ಜ ಅಡಿಕೆ ಮಾರಿದ ದುಡ್ಡಿನಲ್ಲಿ ಎರಡು ಸಾವಿರ ಕೊಡಿಸುತ್ತಾನೆ. ಮರುದಿನ "ಸಾಗಣೆ ಪರ್ಮಿಟ್" ಎಂದು ಮೂರು ಸಾವಿರ, ಅದರ ಮರುದಿನ "ವಿಮೆಯ ಠೇವಣಿ, ಮಾಲು ತಲುಪಿದೊಡನೆ ಹಿಂದಿರುಗುತ್ತದೆ" ಎಂದು ಐದು ಸಾವಿರ. ಹತ್ತು ಸಾವಿರ ಹೋದಮೇಲೆ ಇನ್ನೊಂದು ಸಂಖ್ಯೆಯಿಂದ ಕರೆ: "ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಸ್ಫೋಟಕ ಸಿಕ್ಕಿದೆ. ಬಂಧಿಸಬೇಕಾಗುತ್ತದೆ. ಪ್ರಕರಣ ಮುಚ್ಚಬೇಕೆಂದರೆ ಐವತ್ತು ಸಾವಿರ ಹಾಕಿ." ಮನೆಯಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ. ಸಂಘದ ಸಾಲ ತೆಗೆದು ಆ ಹಣವನ್ನೂ ಕಟ್ಟುತ್ತಾರೆ.

ಈ ಮನೆ ಕಲ್ಪಿತವಾದುದು. ಆದರೆ ವಂಚನೆಯ ಮೆಟ್ಟಿಲುಗಳು ಕಲ್ಪಿತವಲ್ಲ. ಮುಂಗಡ, ಮೇಲೆ ಮೇಲೆ ಶುಲ್ಕ, ಕೊನೆಗೆ ಪೊಲೀಸರ ಹೆಸರಿನ ಬೆದರಿಕೆ: ಹಳೆಯ ವಸ್ತು ಮಾರಾಟದಿಂದ ಹಿಡಿದು ಉದ್ಯೋಗದ ಆಮಿಷದವರೆಗೆ ದೇಶದೆಲ್ಲೆಡೆ ನಡೆಯುತ್ತಿರುವ ಸೈಬರ್ ವಂಚನೆಗಳು ಇದೇ ಏಣಿಯನ್ನು ಬಳಸುತ್ತವೆ. ಮದ್ದುಗುಂಡಿನ ವಿಷಯದಲ್ಲಿ ಒಂದು ವ್ಯತ್ಯಾಸವಿದೆ. ಇಲ್ಲಿ ಮೋಸಹೋದವನು ಠಾಣೆಗೆ ಹೋಗಲು ಅಂಜುತ್ತಾನೆ. ವಂಚಕನ ನಿಜವಾದ ಬಂಡವಾಳ ಆ ಅಂಜಿಕೆಯೇ.

ಕಾನೂನು ಏನನ್ನು ಮದ್ದುಗುಂಡು ಎನ್ನುತ್ತದೆ

"ಕೋವಿಗೆ ತಾನೇ ಪರವಾನಗಿ ಬೇಕು, ಕೇಪಿಗೂ ಖಾಲಿ ತೋಟೆಗೂ ಯಾತಕ್ಕೆ?" ಎಂಬ ಮಾತು ಹಳ್ಳಿಗಳಲ್ಲಿ ಕೇಳಿಬರುತ್ತದೆ. ಆಯುಧ ಅಧಿನಿಯಮದ 2ನೆಯ ಕಲಮಿನಲ್ಲಿ ಮದ್ದುಗುಂಡು ಎಂಬ ಪದದ ವ್ಯಾಖ್ಯೆ ವಿಶಾಲವಾಗಿದೆ. ಕೋವಿಗೆ ತುಂಬುವ ಮದ್ದು ಮತ್ತು ಅದರ ಪೂರಕ ಸಾಮಗ್ರಿ, ಸ್ಫೋಟಕವನ್ನು ಒಳಗೊಂಡ ಅಥವಾ ಒಳಗೊಳ್ಳಲೆಂದೇ ರೂಪಿಸಿದ ವಸ್ತು, ಮದ್ದುಗುಂಡಿನ ಬಿಡಿಭಾಗ, ಅದನ್ನು ತಯಾರಿಸುವ ಯಂತ್ರ, ಇವೆಲ್ಲವೂ ಅದರೊಳಗೆ ಬರುತ್ತವೆ. ಆದುದರಿಂದ ಕೇಪು, ತೋಟೆ, ಮರುತುಂಬುವ ಸಲಕರಣೆ ಯಾವುದನ್ನೂ "ಬರೀ ಬಿಡಿಸಾಮಾನು" ಎಂದು ಭಾವಿಸಿ ಅಪರಿಚಿತರಿಂದ ತರಿಸಿಕೊಳ್ಳಬಾರದು.

ಅದೇ ಅಧಿನಿಯಮದ 3ನೆಯ ಕಲಮಿನಂತೆ ಮದ್ದುಗುಂಡು ಪಡೆಯಲು ಮತ್ತು ಇಟ್ಟುಕೊಳ್ಳಲು ಪರವಾನಗಿ ಬೇಕು. 5ನೆಯ ಕಲಮಿನಂತೆ ತಯಾರಿಸಲು ಮತ್ತು ಮಾರಲು ಪ್ರತ್ಯೇಕ ಪರವಾನಗಿ ಬೇಕು. 9ನೆಯ ಕಲಮು 21 ವರ್ಷ ತುಂಬದವರಿಗೆ ಮಾರುವುದನ್ನು ನಿಷೇಧಿಸಿದೆ. 2019ರ ತಿದ್ದುಪಡಿಯ ನಂತರ ಶಿಕ್ಷೆ ಬಿಗಿಯಾಗಿದೆ. ಪರವಾನಗಿಯಿಲ್ಲದೆ ಮದ್ದುಗುಂಡು ಇಟ್ಟುಕೊಂಡರೆ ಕನಿಷ್ಠ 2 ವರ್ಷದಿಂದ 5 ವರ್ಷದವರೆಗೆ ಸೆರೆವಾಸವಿದೆ. ಅಕ್ರಮವಾಗಿ ತಯಾರಿಸಿದರೆ ಅಥವಾ ಮಾರಿದರೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆಯಾಗಬಹುದು. ಅಜ್ಜನ ಪರವಾನಗಿ ಅಜ್ಜನದು ಮಾತ್ರ. ಮೊಮ್ಮಗ ತನ್ನ ಹೆಸರಿಗೆ, ತನ್ನ ಮೊಬೈಲಿನಿಂದ ತರಿಸಿಕೊಂಡದ್ದಕ್ಕೆ ಆ ಪರವಾನಗಿಯ ರಕ್ಷಣೆಯಿಲ್ಲ.

ಕೊಡಗಿನಲ್ಲಿ ಪರವಾನಗಿಯೇ ಬೇಡವಂತೆ ಎಂಬುದು ಇನ್ನೊಂದು ಮಾತು. ಕೊಡವ ಜನಾಂಗದವರಿಗೂ ಜಮ್ಮಾ ಭೂಮಿಯ ಹಕ್ಕುದಾರರಿಗೂ ಕೇಂದ್ರ ಸರ್ಕಾರ ಅಧಿಸೂಚನೆಯ ಮೂಲಕ ವಿಶೇಷ ವಿನಾಯಿತಿ ನೀಡಿರುವುದು ನಿಜ. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿದಿದೆ. ಆ ವಿನಾಯಿತಿ ಶಿವಮೊಗ್ಗ ಜಿಲ್ಲೆಯ ರೈತರಿಗೆ ಅನ್ವಯಿಸುವುದಿಲ್ಲ. "ಕೊಡಗಿನಿಂದ ಕಳುಹಿಸುತ್ತೇವೆ, ಕಾಗದ ಪತ್ರ ಬೇಡ" ಎನ್ನುವವನ ಮಾತಿಗೆ ಬೆಲೆ ಕೊಡಬೇಕಾಗಿಲ್ಲ.

ಗುಡವಿಯ ಸುತ್ತ ಹೆಚ್ಚಿನ ಹೊಣೆ

ಗುಡವಿಯ ಕೆರೆ ಪ್ರದೇಶ ಸುಮಾರು 73 ಹೆಕ್ಟೇರ್ ಮಾತ್ರ. ಆದರೂ 1989ರಲ್ಲಿ ಪಕ್ಷಿಧಾಮವಾಗಿ ಘೋಷಿತವಾದುದರಿಂದ 1972ರ ವನ್ಯಜೀವಿ (ಸಂರಕ್ಷಣೆ) ಅಧಿನಿಯಮ ಅದರ ಸುತ್ತಲಿನ ಹಳ್ಳಿಗಳನ್ನೂ ಮುಟ್ಟುತ್ತದೆ. 34ನೆಯ ಕಲಮಿನಂತೆ ಅಭಯಾರಣ್ಯದೊಳಗೆ ಅಥವಾ ಅದರಿಂದ 10 ಕಿಲೋಮೀಟರ್ ಒಳಗೆ ವಾಸಿಸುವ ಆಯುಧ ಪರವಾನಗಿದಾರರು ಮುಖ್ಯ ವನ್ಯಜೀವಿ ಪರಿಪಾಲಕರಲ್ಲಿ ಅಥವಾ ಅಧಿಕೃತ ಅಧಿಕಾರಿಯಲ್ಲಿ ಹೆಸರು ನೋಂದಾಯಿಸಬೇಕು. ಆ ವ್ಯಾಪ್ತಿಯೊಳಗೆ ಅವರ ಪೂರ್ವಸಮ್ಮತಿಯಿಲ್ಲದೆ ಹೊಸ ಆಯುಧ ಪರವಾನಗಿ ನೀಡುವಂತಿಲ್ಲ. 31ನೆಯ ಕಲಮಿನಂತೆ ಲಿಖಿತ ಅನುಮತಿಯಿಲ್ಲದೆ ಆಯುಧದೊಡನೆ ಅಭಯಾರಣ್ಯ ಪ್ರವೇಶಿಸುವಂತಿಲ್ಲ. ಬೆಳೆ ರಕ್ಷಣೆಯ ಪರವಾನಗಿ ಬೇಟೆಯ ಪರವಾನಗಿಯಲ್ಲ ಎಂಬುದನ್ನೂ ಸ್ಪಷ್ಟವಾಗಿ ಹೇಳಬೇಕು.

ಹೀಗಿರುವಾಗ ಈ ಸೀಮೆಯ ಒಂದು ಮನೆಗೆ ಬಿಲ್ಲಿಲ್ಲದ ಮದ್ದು ನಿಜವಾಗಿಯೂ ಬಂದು ತಲುಪಿದರೆ ಅದು ಹಣ ಕಳೆದುಕೊಂಡದ್ದಕ್ಕಿಂತ ದೊಡ್ಡ ಆಪತ್ತು. ಅದರಲ್ಲಿ ಇನ್ನೊಂದು ಅಪಾಯವೂ ಇದೆ. ಹೆಸರುಪಟ್ಟಿಯಿಲ್ಲದ ಪೊಟ್ಟಣದಲ್ಲಿ ಇರುವುದು ಕರಿಮದ್ದೋ ಹೊಗೆರಹಿತ ಮದ್ದೋ ತಿಳಿಯುವುದಿಲ್ಲ. ಹೊಗೆರಹಿತ ಮದ್ದಿನ ಒತ್ತಡವನ್ನು ಹಳೆಯ ಕೇಪಿನ ಕೋವಿಯ ನಳಿಗೆ ತಾಳುವುದಿಲ್ಲ. ಅದು ಸಿಡಿದರೆ ಹೋಗುವುದು ಈಡು ಹೊಡೆದವನ ಕೈ, ಕಣ್ಣು.

ನಿಜವಾದ ವರ್ತಕ ಮತ್ತು ವಂಚಕ

ಇವರಿಬ್ಬರನ್ನು ಗುರುತಿಸಲು ಕಂಪ್ಯೂಟರ್ ಜ್ಞಾನ ಬೇಕಾಗಿಲ್ಲ. ಒಂದೇ ಪರೀಕ್ಷೆ ಸಾಕು: ಪರವಾನಗಿಯನ್ನು ಏನು ಮಾಡುತ್ತಾನೆ ಎಂಬುದು.

ನಿಜವಾದ ವರ್ತಕ ಮೂಲ ಪರವಾನಗಿಯನ್ನು ಕೈಯಲ್ಲಿ ಹಿಡಿದು ನೋಡುತ್ತಾನೆ. ಅವಧಿ ಮುಗಿದಿದೆಯೇ, ವಿಶಿಷ್ಟ ಗುರುತಿನ ಸಂಖ್ಯೆ ಇದೆಯೇ, ಎಷ್ಟು ಪ್ರಮಾಣಕ್ಕೆ ಅನುಮತಿಯಿದೆ ಎಂಬುದನ್ನು ಓದುತ್ತಾನೆ. ಮಾರಿದ ವಸ್ತು, ಪ್ರಮಾಣ, ದಿನಾಂಕವನ್ನು ಪರವಾನಗಿಯಲ್ಲಿಯೂ ತನ್ನ ಪುಸ್ತಕದಲ್ಲಿಯೂ ಬರೆದು ಸಹಿ ಹಾಕುತ್ತಾನೆ, ಬಿಲ್ಲು ಕೊಡುತ್ತಾನೆ. ಅನುಮತಿಗಿಂತ ಹೆಚ್ಚು ಕೇಳಿದರೆ ಇಲ್ಲವೆನ್ನುತ್ತಾನೆ.

ವಂಚಕ ಎರಡರಲ್ಲೊಂದು ಮಾಡುತ್ತಾನೆ. ಪರವಾನಗಿಯೇ ಬೇಡ ಎನ್ನುತ್ತಾನೆ. ಇಲ್ಲವೇ ಪರವಾನಗಿಯ ಫೋಟೊ, ಆಧಾರ್ ಫೋಟೊ ಕಳುಹಿಸಿದರೆ ಸಾಕು ಎನ್ನುತ್ತಾನೆ. ಎರಡನೆಯವನು ಮೊದಲನೆಯವನಿಗಿಂತ ಅಪಾಯಕಾರಿ. ಆ ಫೋಟೊಗಳನ್ನು ತೋರಿಸಿ ತಾನೇ ಪರವಾನಗಿದಾರನೆಂದು ಇನ್ನೊಬ್ಬರನ್ನು ನಂಬಿಸಬಹುದು. ಮುಂದೆ ಬೆದರಿಸುವಾಗ ಅದೇ ಸಂಖ್ಯೆಯನ್ನು ಓದಿ ಹೇಳಿ, "ನಿಮ್ಮ ಕಡತ ಎದುರಿಗಿದೆ" ಎಂದೂ ಹೆದರಿಸಬಹುದು.

ಇನ್ನೂ ಕೆಲವು ಲಕ್ಷಣಗಳನ್ನು ವಾರ್ಡ್ ಸಭೆಗಳಲ್ಲಿ ತಿಳಿಸಬಹುದು:

1. ಹೆಸರಾಂತ ಅಂಗಡಿಯ ಹೆಸರು, ಬೇರೆಯವರ ಜಿ.ಎಸ್.ಟಿ. ಪ್ರಮಾಣಪತ್ರದ ಚಿತ್ರ ತೋರಿಸುತ್ತಾನೆ. ಆದರೆ ಹಣ ಹೋಗುವುದು ಬೇರೊಬ್ಬ ವ್ಯಕ್ತಿಯ ಹೆಸರಿನ ಖಾತೆಗೆ. ಹಣ ಕಳುಹಿಸುವ ಮುನ್ನ ಪರದೆಯ ಮೇಲೆ ಬರುವ ಹೆಸರನ್ನು ಓದಬೇಕು.

2. "ಕೊರಿಯರ್ ಎಲ್ಲಿದೆ ನೋಡಿ" ಎಂದು ಒಂದು ಲಿಂಕನ್ನೋ ಎಪಿಕೆ ಕಡತವನ್ನೋ ಕಳುಹಿಸುತ್ತಾನೆ. ಅದನ್ನು ಒತ್ತಿದರೆ ಮೊಬೈಲಿನ ಸಂದೇಶಗಳೂ ಒಟಿಪಿಯೂ ಅವನ ಕೈ ಸೇರಬಹುದು.

3. "ಹಣ ಹಿಂದಿರುಗಿಸುತ್ತೇವೆ, ಪಿನ್ ಒತ್ತಿ" ಎನ್ನುತ್ತಾನೆ. ಯುಪಿಐ ಪಿನ್ ಬೇಕಾಗುವುದು ಹಣ ಕೊಡಲು. ಹಣ ಪಡೆಯಲು ಪಿನ್ ಬೇಡ.

4. ಅಂಚೆಯಲ್ಲಿ ಬರುತ್ತದೆ ಎನ್ನುತ್ತಾನೆ. ಸ್ಫೋಟಕ ವಸ್ತುವನ್ನು ಅಂಚೆಯಲ್ಲಿ ಕಳುಹಿಸುವುದು ನಿಷಿದ್ಧ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳ ಸ್ವಂತ ನಿಯಮಗಳೂ ಖಾಸಗಿ ವ್ಯಕ್ತಿಗಳು ಆಯುಧ, ಮದ್ದುಗುಂಡು ಮಾರುವುದನ್ನು ಒಪ್ಪುವುದಿಲ್ಲ.

ಮೋಸಹೋದ ಮೇಲೆ

ಹಣ ಹೋದ ಮೊದಲ ಗಂಟೆಗಳು ಬಹಳ ಮುಖ್ಯ. ವಂಚಕರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗನೆ ಸಾಗಿಸುತ್ತಾರೆ. ಸಾಗುವ ಮುನ್ನ ತಡೆಹಿಡಿದರೆ ಮಾತ್ರ ಹಿಂದೆ ಬರುವ ಆಸೆಯಿದೆ. ಕೇಂದ್ರ ಗೃಹ ಸಚಿವಾಲಯವು 2021ರಲ್ಲಿ ಇದಕ್ಕಾಗಿಯೇ ಒಂದು ವ್ಯವಸ್ಥೆಯನ್ನು ರೂಪಿಸಿದೆ. 1930 ಸಂಖ್ಯೆಗೆ ಕರೆಮಾಡಿ ವಿವರ ಕೊಟ್ಟರೆ ಆ ಹಣ ತಲುಪಿದ ಬ್ಯಾಂಕಿಗೆ ಸೂಚನೆ ಹೋಗಿ, ಖಾತೆಯಲ್ಲಿ ಉಳಿದಿರುವ ಮೊತ್ತವನ್ನು ತಡೆಹಿಡಿಯಲು ಸಾಧ್ಯವಾಗುತ್ತದೆ. ರಾಷ್ಟ್ರೀಯ ಸೈಬರ್ ಅಪರಾಧ ದೂರು ಜಾಲತಾಣದಲ್ಲಿಯೂ ದೂರು ದಾಖಲಿಸಬಹುದು. ಜಿಲ್ಲಾ ಕೇಂದ್ರದ ಸಿ.ಇ.ಎನ್. ಠಾಣೆ ಇಂತಹ ಅಪರಾಧಗಳ ತನಿಖೆಗೆಂದೇ ಇದೆ. ಸಮೀಪದ ಠಾಣೆಯಲ್ಲಿಯೂ ದೂರು ನೀಡಬಹುದು.

ಕರೆಮಾಡುವಾಗ ಕೈಯಲ್ಲಿರಬೇಕಾದವು: ಹಣ ಹೋದ ದಿನ ಮತ್ತು ವೇಳೆ, ಮೊತ್ತ, ಯುಪಿಐ ವ್ಯವಹಾರದ 12 ಅಂಕಿಗಳ ಉಲ್ಲೇಖ ಸಂಖ್ಯೆ, ಹಣ ತಲುಪಿದ ಖಾತೆಯ ಅಥವಾ ಯುಪಿಐ ವಿಳಾಸದ ವಿವರ, ವಂಚಕನ ಮೊಬೈಲ್ ಸಂಖ್ಯೆ. ನಾಚಿಕೆಯಿಂದ ಸಂಭಾಷಣೆಯನ್ನು ಅಳಿಸಿಹಾಕಬಾರದು, ಅದೇ ಸಾಕ್ಷಿ. ತನ್ನ ಬ್ಯಾಂಕಿಗೂ ಕೂಡಲೇ ಲಿಖಿತವಾಗಿ ತಿಳಿಸಬೇಕು. ಗ್ರಾಹಕನೇ ಪಿನ್ ಒತ್ತಿ ಕಳುಹಿಸಿದ ಹಣವನ್ನು ಬ್ಯಾಂಕು ತುಂಬಿಕೊಡಲೇಬೇಕೆಂಬ ನಿಯಮವಿಲ್ಲ ಎಂಬುದನ್ನೂ ರೈತರಿಗೆ ಮೊದಲೇ ಹೇಳುವುದು ಒಳಿತು. ಸುಳ್ಳು ಭರವಸೆ ಇನ್ನೊಬ್ಬ ವಂಚಕನಿಗೆ ದಾರಿಯಾಗುತ್ತದೆ. "ಹೋದ ಹಣ ವಾಪಸು ಕೊಡಿಸುತ್ತೇವೆ, ಶುಲ್ಕ ಕಟ್ಟಿ" ಎಂದು ಕರೆಮಾಡುವವನು ಆ ಎರಡನೆಯ ವಂಚಕ.

ಬಂಧನದ ಬೆದರಿಕೆಯ ಬಗೆಗೆ ಒಂದು ಮಾತು. ಫೋನಿನಲ್ಲಿ ಅಥವಾ ವಿಡಿಯೊ ಕರೆಯಲ್ಲಿ ಬಂಧಿಸುವ "ಡಿಜಿಟಲ್ ಅರೆಸ್ಟ್" ಎಂಬುದು ಭಾರತದ ಯಾವ ಕಾನೂನಿನಲ್ಲಿಯೂ ಇಲ್ಲ. ಯಾವ ಪೊಲೀಸ್ ಅಧಿಕಾರಿಯೂ ಪ್ರಕರಣ ಮುಚ್ಚಲು ಖಾತೆಗೆ ಹಣ ಹಾಕಿಸಿಕೊಳ್ಳುವುದಿಲ್ಲ. ಅಂತಹ ಕರೆ ಬಂದರೆ ಕತ್ತರಿಸಿ, ಮನೆಯವರಿಗೆ ಹೇಳಿ, ಸಮೀಪದ ಠಾಣೆಯಲ್ಲಿ ವಿಚಾರಿಸಬೇಕು.

ಹಾಗಾದರೆ ತರಿಸಲು ಹೊರಟದ್ದೇ ತಪ್ಪಾಗಿದ್ದರೆ? ಈ ಪ್ರಶ್ನೆಗೆ ಹಾರಿಕೆಯ ಉತ್ತರ ಸಲ್ಲದು. ದೂರಿನಲ್ಲಿ ಸಂಗತಿಯನ್ನು ಬದಲಿಸಿ, ಬೀಜ ತರಿಸಿದೆ, ಪಂಪು ತರಿಸಿದೆ ಎಂದು ಬರೆಯಬಾರದು. ಸಂಭಾಷಣೆಯ ಸಾಕ್ಷಿ ಬೇರೆಯದನ್ನು ಹೇಳುವಾಗ ದೂರೇ ದುರ್ಬಲವಾಗುತ್ತದೆ. 1930ಕ್ಕೆ ಕೂಡಲೇ ಕರೆಮಾಡಿ ಹಣವನ್ನು ತಡೆಹಿಡಿಸಬೇಕು. ಅಳುಕಿದ್ದವರು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅಥವಾ 15100 ಸಂಖ್ಯೆಯ ಕಾನೂನು ಸಹಾಯವಾಣಿಯಲ್ಲಿ ಸಲಹೆ ಪಡೆಯಬಹುದು. ವಸ್ತು ನಿಜವಾಗಿ ಬಂದಿದ್ದರೆ ಅದನ್ನು ಬಚ್ಚಿಡುವುದು, ಕೆರೆಗೆ ಎಸೆಯುವುದು, ಸುಡುವುದು ಮೂರೂ ಅಪಾಯ. ಮುಟ್ಟದೆ ಠಾಣೆಗೆ ತಿಳಿಸಬೇಕು.

ಸರಿಯಾದ ದಾರಿ

ಪರವಾನಗಿದಾರನು ಬೆಳೆ ಏರುವ ಮುನ್ನವೇ ಪರವಾನಗಿಯ ಅವಧಿಯನ್ನು ನೋಡಿಕೊಳ್ಳಬೇಕು. 2019ರ ತಿದ್ದುಪಡಿಯಿಂದ ಪರವಾನಗಿಯ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ. ವರ್ತಕರನ್ನು ಹುಡುಕಲು ಅಂತರ್ಜಾಲವನ್ನು ನಂಬುವುದಕ್ಕಿಂತ ಹಿಂದಿನ ಬಿಲ್ಲಿನಲ್ಲಿರುವ ವಿಳಾಸ, ಸಂಖ್ಯೆ ನೋಡುವುದು ಮೇಲು. ಅದಿಲ್ಲದಿದ್ದರೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಬಹುದು. ಹೊರಡುವ ಮುನ್ನ ದಾಸ್ತಾನಿದೆಯೇ ಎಂದು ಫೋನಿನಲ್ಲಿ ಕೇಳುವುದರಿಂದ ಕೂಲಿ ಉಳಿಯುತ್ತದೆ. ಹಣ ಕೊಡುವುದು ಮಾತ್ರ ಅಂಗಡಿಯ ಎದುರಿನಲ್ಲಿ, ಬಿಲ್ಲು ಪಡೆದು. ತೋಟೆಗೆ ಮನೆಯಲ್ಲಿ ಮರುತುಂಬುವುದು ಪರವಾನಗಿಯಲ್ಲಿ ಹೇಳದ ಕೆಲಸ, ಅದಕ್ಕೆ ಕೈಹಾಕಬಾರದು. ಪರವಾನಗಿದಾರ ತೀರಿಕೊಂಡಿದ್ದರೆ ವಾರಸುದಾರರು ಕೋವಿಯನ್ನೂ ಉಳಿದ ಮದ್ದನ್ನೂ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವರ್ತಕರಲ್ಲಿ ಠೇವಣಿಯಿಟ್ಟು, ತಮ್ಮ ಹೆಸರಿಗೆ ಅರ್ಜಿ ಸಲ್ಲಿಸಬೇಕು.

ಕೋವಿಯೊಂದೇ ಬೆಳೆಗೆ ಕಾವಲಲ್ಲ ಎಂಬುದನ್ನೂ ಮರೆಯಲಾಗದು. ಕಾಡುಪ್ರಾಣಿಯಿಂದ ಬೆಳೆ ಹಾನಿಯಾದರೆ ಅರಣ್ಯ ಇಲಾಖೆಯಿಂದ ಪರಿಹಾರ ಕೇಳುವ ಹಕ್ಕು ರೈತನಿಗಿದೆ. ಇಲಾಖೆಯ ಸಹಾಯವಾಣಿ 1926. ಹಾನಿಯ ಫೋಟೊ, ಪಹಣಿಯೊಡನೆ ಅರ್ಜಿ ಬೇಗ ಸಲ್ಲುವಂತೆ ಸದಸ್ಯರು ನೆರವಾದರೆ ಅನೇಕರಿಗೆ ಕೇಪು ಹುಡುಕುವ ಆತುರವೇ ತಗ್ಗುತ್ತದೆ.

ಸದಸ್ಯರ ಕರ್ತವ್ಯ

ಮೊದಲನೆಯದಾಗಿ, 1930 ಸಂಖ್ಯೆಯನ್ನು ಪಂಚಾಯಿತಿ ಕಚೇರಿ, ಗ್ರಂಥಾಲಯ, ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿಯ ಗೋಡೆಗಳ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸುವುದು. ಎರಡನೆಯದಾಗಿ, ವಾರ್ಡ್ ಸಭೆ ಮತ್ತು ಗ್ರಾಮ ಸಭೆಗಳಲ್ಲಿ ಹತ್ತು ನಿಮಿಷ ಈ ವಿಷಯಕ್ಕೆ ಮೀಸಲಿಟ್ಟು ಠಾಣೆಯ ಸಿಬ್ಬಂದಿಯನ್ನು ಕರೆಸುವುದು. ಸ್ವಸಹಾಯ ಸಂಘಗಳ ಮಹಿಳೆಯರಿಗೆ ತಿಳಿಸುವುದು, ಏಕೆಂದರೆ ಬೆದರಿಕೆಯ ಹಣಕ್ಕೆ ಕೊನೆಗೆ ಸಾಲ ಹುಟ್ಟುವುದು ಅಲ್ಲಿಯೇ. ಮೂರನೆಯದಾಗಿ, ಮದ್ದುಗುಂಡು ಮಾರುವ ಜಾಹೀರಾತು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಬಂದರೆ ಅದನ್ನು ಮುಂದಕ್ಕೆ ಕಳುಹಿಸದೆ ಠಾಣೆಯ ಗಮನಕ್ಕೆ ತರುವುದು. ನಾಲ್ಕನೆಯದಾಗಿ, ಪರವಾನಗಿದಾರರ ಹೆಸರುಗಳನ್ನು ಗುಂಪುಗಳಲ್ಲಿ ಹಂಚದಿರುವುದು. ಅಂತಹ ಪಟ್ಟಿ ವಂಚಕನಿಗೂ ಕಳ್ಳನಿಗೂ ಉಪಯುಕ್ತ.

ಕೊನೆಯದು ಎಲ್ಲಕ್ಕಿಂತ ಮುಖ್ಯವಾದುದು. ಮೋಸಹೋದವರು ಸದಸ್ಯರ ಮನೆ ಬಾಗಿಲಿಗೆ ಬಂದಾಗ "ಇಷ್ಟೂ ತಿಳಿಯಲಿಲ್ಲವೇ" ಎಂಬ ಮಾತು ಬರಬಾರದು. ಆ ಒಂದು ಮಾತು ಊರಿನಲ್ಲಿ ಹರಡಿದರೆ ಮುಂದಿನವರು ಬಾಯಿ ಬಿಡುವುದಿಲ್ಲ. ಹತ್ತು ಸಾವಿರದಲ್ಲಿ ನಿಲ್ಲಬಹುದಾಗಿದ್ದ ನಷ್ಟ ಅರವತ್ತು ಸಾವಿರವಾಗುವುದು ಮೌನದಿಂದ. ಮೊದಲು ಕುಳ್ಳಿರಿಸಿ, ನೀರು ಕೊಟ್ಟು, ಅವರ ಮೊಬೈಲಿನಿಂದಲೇ 1930ಕ್ಕೆ ಕರೆಮಾಡಿಸಬೇಕು; ಬುದ್ಧಿಮಾತು ಮರುದಿನಕ್ಕಿರಲಿ.

ಗುಡವಿಯ ಕೆರೆಯ ಹಕ್ಕಿಗೂ ದಡದಾಚೆಯ ಗದ್ದೆಯ ರೈತನಿಗೂ ಬೇಕಾದುದು ನಿರ್ಭಯದ ರಾತ್ರಿ. ಬಿಲ್ಲಿಲ್ಲದ ಮದ್ದಿನಿಂದ ಅದು ಇಬ್ಬರಿಗೂ ದೊರೆಯದು. ಕಾನೂನಿನ ದಾರಿ ಒಂದು ದಿನದ ಬಸ್ ಪ್ರಯಾಣದಷ್ಟು ದೂರವಿರಬಹುದು. ಆದರೂ ಅದು ಮನೆಗೆ ಕ್ಷೇಮವಾಗಿ ಹಿಂದಿರುಗಿಸುವ ದಾರಿ.